ವಾಪಿಟಿಯಿಂದ ಮಿರಾಜ್‌ವರೆಗೆ: ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ ಚರಿತ್ರೆ

ವಾಯುಪಡೆಯಲ್ಲಿ ಯುದ್ಧಕ್ಕಿಳಿಯುವ ಮೂಲ ಘಟಕಕ್ಕೆ ಸ್ಕ್ವಾಡ್ರನ್ ಎಂದು ಹೆಸರು. ಒಂದೇ ಬಗೆಯ ಹದಿನಾರರಿಂದ ಇಪ್ಪತ್ತು ವಿಮಾನಗಳು, ಅವನ್ನು ಹಾರಿಸುವ ಪೈಲಟ್‌ಗಳು, ಎಂಜಿನ್, ಆಯುಧ ಮತ್ತು ರೇಡಿಯೊಗಳನ್ನು ಸುಸ್ಥಿತಿಯಲ್ಲಿಡುವ ನೂರಾರು ತಂತ್ರಜ್ಞರು ಹಾಗೂ ಇವರೆಲ್ಲರ ಹೊಣೆ ಹೊತ್ತ ಒಬ್ಬ ಕಮಾಂಡಿಂಗ್ ಆಫೀಸರ್ ಸೇರಿದರೆ ಒಂದು ಸ್ಕ್ವಾಡ್ರನ್ ಆಗುತ್ತದೆ. ಅದರೊಳಗಿನ ಉಪವಿಭಾಗಗಳನ್ನು ಫ್ಲೈಟ್‌ಗಳೆಂದು ಕರೆಯುತ್ತಾರೆ. ವಿಮಾನಗಳು ಹಳತಾಗಿ ಹೋಗುತ್ತವೆ, ಜನರು ನಿವೃತ್ತರಾಗುತ್ತಾರೆ ಅಥವಾ ಯುದ್ಧದಲ್ಲಿ ಮಡಿಯುತ್ತಾರೆ, ನೆಲೆಗಳು ಬದಲಾಗುತ್ತವೆ. ಆದರೆ ದಳದ ಸಂಖ್ಯೆ, ಲಾಂಛನ ಮತ್ತು ಧ್ಯೇಯವಾಕ್ಯಗಳು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಸಾಗುತ್ತವೆ. ಭಾರತೀಯ ವಾಯುಪಡೆಯಲ್ಲಿ ಇಂತಹ ದಳಗಳ ಪೈಕಿ ಅತ್ಯಂತ ಹಿರಿಯದು ‘ಟೈಗರ್ಸ್’ ಎಂಬ ಹೆಸರಿನ ಒಂದನೇ ಸ್ಕ್ವಾಡ್ರನ್. ಅದು ಹುಟ್ಟಿದಾಗ ಅದರ ಹೊರತು ವಾಯುಪಡೆಗೆ ಬೇರೆ ದಳವೇ ಇರಲಿಲ್ಲ. ಎರಡನೆಯ ಮಹಾಯುದ್ಧ ಆರಂಭವಾದಾಗಲೂ ಸ್ಥಿತಿ ಹಾಗೆಯೇ ಇತ್ತು.

ಈ ದಳ ಬಳಸಿದ ವಿಮಾನಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಒಂದು ಕೆಲಸಕ್ಕೆಂದು ತಯಾರಾಗಿ, ಈ ದಳದ ಕೈಯಲ್ಲಿ ಇನ್ನೊಂದು ಕೆಲಸಕ್ಕೆ ಹೋದವು. ಕೆಲವು ಕೈಗೆ ಬರುವ ಹೊತ್ತಿಗೇ ಕಾಲ ಮೀರಿದ್ದವು. ಯಂತ್ರಕ್ಕೂ ಅದಕ್ಕೊಪ್ಪಿಸಿದ ಕೆಲಸಕ್ಕೂ ನಡುವೆ ಉಳಿದ ಅಂತರವನ್ನು ಪೈಲಟ್‌ಗಳ ಧೈರ್ಯ ಮತ್ತು ಹ್ಯಾಂಗರ್‌ಗಳಲ್ಲಿ ದುಡಿದವರ ಕೈಚಳಕ ಸೇರಿ ತುಂಬಿದವು. ದಳದ ಚರಿತ್ರೆಯಲ್ಲಿ ಮೊದಲನೆಯವರ ಹೆಸರುಗಳು ದಾಖಲಾದಷ್ಟು ಎರಡನೆಯವರ ಹೆಸರುಗಳು ದಾಖಲಾಗಿಲ್ಲ ಎಂಬುದು ವಿಷಾದದ ಮಾತು.

ಬ್ರಿಟಿಷ್ ಸರ್ಕಾರ ಭಾರತೀಯರಿಗೆ ವಾಯುಪಡೆಯ ಬಾಗಿಲು ತೆರೆದದ್ದು ತೀರ ನಿಧಾನವಾಗಿ. 1930ರಲ್ಲಿ ಮೊದಲ ಭಾರತೀಯ ಕೆಡೆಟ್‌ಗಳನ್ನು ಇಂಗ್ಲೆಂಡಿನ ಕ್ರಾನ್‌ವೆಲ್ ವಾಯುಪಡೆ ಕಾಲೇಜಿಗೆ ಕಳುಹಿಸಲಾಯಿತು. ಭಾರತೀಯ ವಾಯುಪಡೆಯ ಕಾಯಿದೆ ಜಾರಿಗೆ ಬಂದ 1932ರ ಅಕ್ಟೋಬರ್ 8ನ್ನು ವಾಯುಪಡೆ ಇಂದಿಗೂ ತನ್ನ ಸ್ಥಾಪನಾ ದಿನವೆಂದು ಆಚರಿಸುತ್ತದೆ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಒಂದನೇ ಸ್ಕ್ವಾಡ್ರನ್ನಿನ ‘ಎ’ ಫ್ಲೈಟ್ ಅಸ್ತಿತ್ವಕ್ಕೆ ಬಂದಿತು. ಅದರ ಒಟ್ಟು ಬಲವೆಂದರೆ ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ಆರು ಮಂದಿ ಭಾರತೀಯ ಅಧಿಕಾರಿಗಳು, ‘ಹವಾಯಿ ಸಿಪಾಯಿ’ ಎಂಬ ಹುದ್ದೆಯ 19 ಮಂದಿ ತಂತ್ರಜ್ಞರು ಮತ್ತು ನಾಲ್ಕು ವಾಪಿಟಿ ವಿಮಾನಗಳು. ದಳವನ್ನು ನಡೆಸುವ ಹೊಣೆ ಬ್ರಿಟಿಷ್ ಅಧಿಕಾರಿ ಸೆಸಿಲ್ ಬೌಷಿಯರ್ ಅವರದಾಗಿತ್ತು. ಆರು ಮಂದಿಯಲ್ಲಿ ಐವರು ಪೈಲಟ್‌ಗಳು, ಒಬ್ಬರು ಸಾಮಗ್ರಿ ವಿಭಾಗದವರು. ಪೈಲಟ್‌ಗಳ ಪೈಕಿ ಭೂಪೇಂದ್ರ ಸಿಂಗ್ ಮತ್ತು ಅಮರ್ಜಿತ್ ಸಿಂಗ್ ಅವರು ಅದೇ ವರ್ಷ ವಿಮಾನ ಅಪಘಾತದಲ್ಲಿ ಮೃತಪಟ್ಟರು. ಅಷ್ಟು ಚಿಕ್ಕ ದಳಕ್ಕೆ ಈ ನಷ್ಟ ಎಷ್ಟು ದೊಡ್ಡದಾಗಿದ್ದಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ವಾಪಿಟಿಯು ಒಂದರ ಮೇಲೊಂದು ಜೋಡಿ ರೆಕ್ಕೆಗಳುಳ್ಳ, ಇಬ್ಬರು ಕೂರುವ, ಮೇಲ್ಛಾವಣಿಯಿಲ್ಲದ ವಿಮಾನ. ಮೊದಲ ಮಹಾಯುದ್ಧದಿಂದ ಉಳಿದಿದ್ದ ಬಿಡಿಭಾಗಗಳನ್ನು ಆದಷ್ಟು ಬಳಸಿಕೊಳ್ಳುವಂತೆ 1920ರ ದಶಕದಲ್ಲಿ ಮಿತವ್ಯಯದ ದೃಷ್ಟಿಯಿಂದ ಅದನ್ನು ರೂಪಿಸಿದ್ದರು. ಭೂಸೇನೆಗೆ ನೆರವಾಗುವುದೇ ಅದರ ಕೆಲಸವಾಗಿತ್ತು: ಶತ್ರು ಎಲ್ಲಿದ್ದಾನೆಂದು ಮೇಲಿನಿಂದ ನೋಡಿ ತಿಳಿಸುವುದು, ಚಿತ್ರ ತೆಗೆಯುವುದು, ಸಂದೇಶದ ಚೀಲಗಳನ್ನು ಕೆಳಗೆ ಹಾಕುವುದು, ಅಗತ್ಯ ಬಿದ್ದಾಗ ಸಣ್ಣ ಬಾಂಬುಗಳನ್ನು ಎಸೆಯುವುದು. ದಳಕ್ಕೆ ಮೊದಲ ಬಾರಿ ಯುದ್ಧದ ಅನುಭವವಾದದ್ದು ಹುಟ್ಟಿದ ನಾಲ್ಕೂವರೆ ವರ್ಷಗಳ ಮೇಲೆ, ಉತ್ತರ ವಜೀರಿಸ್ತಾನದ ಮೀರನ್‌ಶಾಹ್ ನೆಲೆಯಿಂದ ಗುಡ್ಡಗಾಡು ಬುಡಕಟ್ಟುಗಳ ವಿರುದ್ಧ ನಡೆದ ಕಾರ್ಯಾಚರಣೆಗಳಲ್ಲಿ. ಎಂಜಿನ್ ಕೆಟ್ಟು ಆ ಬಂಡೆಗಳ ನಡುವೆ ಇಳಿಯಬೇಕಾದ ಪೈಲಟ್ ಬದುಕುಳಿಯುವುದು ಬುಡಕಟ್ಟಿನವರ ಮರ್ಜಿಗೆ ಬಿಟ್ಟದ್ದಾಗಿತ್ತಾದ್ದರಿಂದ, ತಮ್ಮನ್ನು ಜೀವಂತವಾಗಿ ಒಪ್ಪಿಸಿದವರಿಗೆ ಬಹುಮಾನ ಕೊಡಲಾಗುವುದೆಂದು ಸ್ಥಳೀಯ ಭಾಷೆಯಲ್ಲಿ ಬರೆದ ಚೀಟಿಯನ್ನು ಅಲ್ಲಿ ಹಾರುವವರು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಪರದೇಶದ ಆಳ್ವಿಕೆಗೆ ಒಳಪಟ್ಟ ಯುವಕರು ಅದೇ ಆಳ್ವಿಕೆಯ ಪರವಾಗಿ ಇನ್ನೊಂದು ಜನಸಮುದಾಯದ ಮೇಲೆ ಬಾಂಬು ಹಾಕಿದ ಅಧ್ಯಾಯವಿದು ಎಂಬುದನ್ನು ಮರೆಮಾಚಬಾರದು. ಮುಂದೆ ಸ್ವತಂತ್ರ ಭಾರತದ ವಾಯುಪಡೆಯನ್ನು ಕಟ್ಟಿದವರು ತಮ್ಮ ಕೆಲಸವನ್ನು ಕಲಿತದ್ದು ಅದೇ ಗುಡ್ಡಗಳ ಮೇಲೆ ಎಂಬುದೂ ಅಷ್ಟೇ ನಿಜ.

ಭಾರತೀಯರು ವಿಮಾನ ಹಾರಿಸುವುದನ್ನು ಕಲಿತಾರು, ಆದರೆ ಒಂದು ದಳವನ್ನು ನಡೆಸುವುದಾಗಲಿ ಯಂತ್ರಗಳನ್ನು ಬ್ರಿಟಿಷರ ನೆರವಿಲ್ಲದೆ ಕಾಪಾಡುವುದಾಗಲಿ ಅವರಿಂದ ಆದೀತೆ ಎಂಬ ಶಂಕೆ ಅಂದಿನ ಆಡಳಿತದಲ್ಲಿ ಬಲವಾಗಿತ್ತು. ಎರಡನೆಯ ಫ್ಲೈಟ್ 1936ರಲ್ಲಿ, ಮೂರನೆಯದು 1938ರಲ್ಲಿ ಸೇರಿ ದಳ ಪೂರ್ಣಗೊಳ್ಳಲು ಐದು ವರ್ಷ ಹಿಡಿಯಿತೆಂಬುದೇ ಈ ಹಿಂಜರಿಕೆಗೆ ಸಾಕ್ಷಿ. ಶಂಕೆಯ ಮೊದಲ ಭಾಗಕ್ಕೆ ಉತ್ತರವಾಗಿ 1939ರಲ್ಲಿ ಸುಬ್ರೊತೊ ಮುಖರ್ಜಿ ದಳದ ಕಮಾಂಡಿಂಗ್ ಆಫೀಸರ್ ಆದರು. ಒಂದು ಸ್ಕ್ವಾಡ್ರನ್ನನ್ನು ನಡೆಸಿದ ಮೊದಲ ಭಾರತೀಯರಾದ ಅವರು 1954ರಲ್ಲಿ ವಾಯುಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯರೂ ಆದರು. ಎರಡನೆಯ ಭಾಗಕ್ಕೆ ಉತ್ತರ ಕೊಟ್ಟವರಲ್ಲಿ ಹರ್ಜಿಂದರ್ ಸಿಂಗ್ ಪ್ರಮುಖರು. ಲಾಹೋರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದ ಅವರಿಗೆ ಒಳ್ಳೆಯ ಸಂಬಳದ ಕೆಲಸ ಸಿಗುವುದು ಕಷ್ಟವಿರಲಿಲ್ಲವಾದರೂ, ಅವರು ಆರಿಸಿಕೊಂಡದ್ದು ಹೊಸ ವಾಯುಪಡೆಯ ಅತ್ಯಂತ ಕೆಳಗಿನ ಹುದ್ದೆಯಾದ ಹವಾಯಿ ಸಿಪಾಯಿಯ ಕೆಲಸವನ್ನು. ವಾಪಿಟಿಯ ಎಂಜಿನ್ ಬಿಚ್ಚಿ ಜೋಡಿಸುವುದರಿಂದ ಆರಂಭಿಸಿದ ಆ ವ್ಯಕ್ತಿ ಏರ್ ವೈಸ್ ಮಾರ್ಷಲ್ ಪದವಿಗೇರಿ ವಾಯುಪಡೆಯ ನಿರ್ವಹಣಾ ಕಮಾಂಡ್‌ನ ಮುಖ್ಯಸ್ಥರಾದರು. ಭಾರತೀಯ ವಾಯುಪಡೆಯ ಚರಿತ್ರೆಯಲ್ಲಿ ಯಾವುದೇ ವಾಯುಸಮರದಷ್ಟೇ ಮಹತ್ವ ಈ ಒಂದು ಬದುಕಿಗೆ ಸಲ್ಲಬೇಕು.

1941ರಲ್ಲಿ ದಳ ವಾಪಿಟಿಗಳನ್ನು ಬಿಟ್ಟುಕೊಟ್ಟು ಲೈಸಾಂಡರ್ ವಿಮಾನಗಳಿಗೆ ಬದಲಾಯಿತು. ಆ ವರ್ಷದ ನವೆಂಬರ್‌ನಲ್ಲಿ ಮುಂಬಯಿಯ ನಾಗರಿಕರು ಯುದ್ಧನಿಧಿಗೆ ಕೊಟ್ಟ ಹಣದಿಂದ ಹನ್ನೆರಡು ಲೈಸಾಂಡರ್‌ಗಳನ್ನು ಪೇಶಾವರದಲ್ಲಿ ದಳಕ್ಕೆ ಕಾಣಿಕೆಯಾಗಿ ಒಪ್ಪಿಸಲಾಯಿತು. ಲೈಸಾಂಡರ್ ಕೂಡ ಯುದ್ಧವಿಮಾನವಲ್ಲ. ಪೈಲಟ್‌ನ ತಲೆಯ ಮಟ್ಟಕ್ಕಿರುವ ಎತ್ತರದ ರೆಕ್ಕೆಗಳಿಂದಾಗಿ ಕೆಳಗಿನ ನೆಲ ಚೆನ್ನಾಗಿ ಕಾಣುವಂತೆ, ತುಂಬ ನಿಧಾನವಾಗಿ ಹಾರಿ ಚಿಕ್ಕ ಬಯಲಿನಲ್ಲೂ ಇಳಿದು ಏರುವಂತೆ ಅದನ್ನು ರಚಿಸಲಾಗಿತ್ತು. ಈ ನಿಧಾನವೇ ಅದರ ಗುಣ. ಎದುರಿಗೆ ಶತ್ರುವಿನ ಫೈಟರ್ ವಿಮಾನಗಳಿದ್ದರೆ ಅದೇ ಅದಕ್ಕೆ ಮೃತ್ಯು. 1940ರಲ್ಲಿ ಫ್ರಾನ್ಸಿನ ಆಕಾಶದಲ್ಲಿ ಜರ್ಮನ್ ವಿಮಾನಗಳ ಮುಂದೆ ಬ್ರಿಟಿಷರ ಲೈಸಾಂಡರ್‌ಗಳು ಅಪಾರ ನಷ್ಟ ಅನುಭವಿಸಿದ್ದವು.

ಇಂತಹ ವಿಮಾನಗಳೊಂದಿಗೆ ದಳವು 1942ರ ಫೆಬ್ರವರಿ ಆರಂಭದಲ್ಲಿ ಬರ್ಮಾದ ಟೌಂಗೂ ತಲುಪಿತು. ಕಮಾಂಡಿಂಗ್ ಆಫೀಸರ್ ಆಗಿದ್ದವರು ಸಹೋದ್ಯೋಗಿಗಳು ‘ಜಂಬೊ’ ಎಂದು ಕರೆಯುತ್ತಿದ್ದ ಕರುಣ್ ಕೃಷ್ಣ ಮಜುಂದಾರ್. ದಳ ಬಂದಿಳಿದ ಬೆನ್ನಿಗೇ ಜಪಾನಿ ವಿಮಾನಗಳು ಆ ನೆಲೆಯ ಮೇಲೆ ಬಾಂಬು ಸುರಿದವು. ಆಕಾಶದಿಂದ ನೋಡಿ ವರದಿ ಮಾಡುವುದಷ್ಟೇ ದಳದ ಪಾಲಿಗಿದ್ದ ಕರ್ತವ್ಯವಾದರೂ, ಮಜುಂದಾರ್ ಅವರು 250 ಪೌಂಡಿನ ಎರಡು ಬಾಂಬುಗಳನ್ನು ತಮ್ಮ ಲೈಸಾಂಡರ್‌ಗೆ ಕಟ್ಟಿಸಿಕೊಂಡು, ಥಾಯ್ಲೆಂಡಿನ ಮೇ ಹಾಂಗ್ ಸಾನ್‌ನಲ್ಲಿದ್ದ ಜಪಾನಿ ನೆಲೆಯ ಕಡೆಗೆ ಹೊರಟರು. ಬ್ರಿಟಿಷ್ ವಾಯುಪಡೆಯ ಬಫಲೊ ಫೈಟರ್‌ಗಳೆರಡು ಕಾವಲಿಗೆ ಜೊತೆ ಹೋದವು. ಕಾಡಿನ ಮೇಲೆ ತೀರ ಕೆಳಮಟ್ಟದಲ್ಲಿ ಹಾರಿ ಗುರಿ ಮುಟ್ಟಿದ ಅವರು ಹ್ಯಾಂಗರ್ ಮೇಲೆ ಬಾಂಬು ಹಾಕಿ ಸುರಕ್ಷಿತವಾಗಿ ಮರಳಿದರು. ಮರುದಿನ ಇಡೀ ದಳ ಅದೇ ದಾರಿಯಲ್ಲಿ ಹೊರಟಿತು. ಮುಂದಿನ ವಾರಗಳಲ್ಲಿ ಕಾವಲು ವಿಮಾನಗಳ ನೆರವೂ ಇಲ್ಲದೆ ಚಿಯಾಂಗ್ ಮಾಯ್ ಮತ್ತು ಚಿಯಾಂಗ್ ರಾಯ್ ನೆಲೆಗಳ ಮೇಲೆ ದಾಳಿಗಳು ನಡೆದವು. ವೀಕ್ಷಣೆಯ ವಿಮಾನವೊಂದು ಬಾಂಬರ್ ಆಗಿ ದುಡಿಯಬೇಕಾದರೆ ಬಾಂಬು ಹಿಡಿಯುವ ಕೊಕ್ಕೆಗಳನ್ನು ಹೊಂದಿಸಬೇಕು, ಕಳಚುವ ಸಾಧನ ಕೈಕೊಡದಂತೆ ನೋಡಿಕೊಳ್ಳಬೇಕು, ಬಿಡಿಭಾಗಗಳು ಬಾರದ ನೆಲೆಗಳಲ್ಲಿ ಮುರಿದದ್ದನ್ನು ಸಿಕ್ಕಿದ್ದರಲ್ಲೇ ಸರಿಪಡಿಸಬೇಕು. ಈ ಕೆಲಸವನ್ನು ಹಗಲಿರುಳು ಮಾಡಿದವರು ಹರ್ಜಿಂದರ್ ಸಿಂಗ್ ಮತ್ತು ಅವರ ಕೈಕೆಳಗಿನ ತಂತ್ರಜ್ಞರು.

ಬರ್ಮಾ ಕೈತಪ್ಪಿತು. ದಳದವರು ಭಾರತಕ್ಕೆ ಮರಳಿದರು. ಮಜುಂದಾರ್ ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯಪದಕ ದೊರೆಯಿತು. ಮುಂದೆ ಯೂರೋಪಿನ ಯುದ್ಧದಲ್ಲಿ ಹಾರಿ ಅದೇ ಪದಕವನ್ನು ಎರಡನೆಯ ಬಾರಿಯೂ ಗಳಿಸಿದ ಅವರು, 1945ರ ಫೆಬ್ರವರಿಯಲ್ಲಿ ಲಾಹೋರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸ್ವತಂತ್ರ ಭಾರತದ ವಾಯುಪಡೆಗೆ ದೊರೆಯಬೇಕಿದ್ದ ದೊಡ್ಡ ನಾಯಕರೊಬ್ಬರು ಹೀಗೆ ಇಲ್ಲವಾದರು.

1942ರ ಜೂನ್‌ನಿಂದ ದಳವು ಹರಿಕೇನ್ ವಿಮಾನಗಳನ್ನು ಹಾರಿಸತೊಡಗಿತು. ಬ್ರಿಟನ್ನಿನ ರಕ್ಷಣೆಯಲ್ಲಿ ಹೆಸರು ಮಾಡಿದ್ದ ಈ ಒಂಟಿ ಸೀಟಿನ ಫೈಟರ್ 1944ರ ಹೊತ್ತಿಗೆ ವಾಯುಸಮರಕ್ಕೆ ಹಳತಾಗಿತ್ತಾದರೂ, ಗಟ್ಟಿಮುಟ್ಟಾದ ಅದರ ಒಡಲು ಬೇರೊಂದು ಕೆಲಸಕ್ಕೆ ಒದಗಿಬಂತು. 1944ರ ಫೆಬ್ರವರಿಯಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದಲ್ಲಿ ದಳ ಇಂಫಾಲಕ್ಕೆ ಬಂದಿತು. ಮುಂದಿನ ತಿಂಗಳೇ ಜಪಾನಿ ಸೇನೆ ಗಡಿ ದಾಟಿ, ಸುತ್ತಲೂ ಬೆಟ್ಟಗಳಿರುವ ಆ ಕಣಿವೆಯನ್ನು ಮುತ್ತಿತು. ರಸ್ತೆಗಳೆಲ್ಲ ಕಡಿದುಹೋಗಿ ಊಟ, ಮದ್ದುಗುಂಡು, ಇಂಧನಗಳು ಆಕಾಶಮಾರ್ಗದಿಂದಲೇ ಬರಬೇಕಾದ ಸ್ಥಿತಿಯಲ್ಲಿ ಜೂನ್ 22ರವರೆಗೆ ನಡೆದ ಆ ಮುತ್ತಿಗೆಯ ಉದ್ದಕ್ಕೂ ದಳ ಅಲ್ಲಿಂದ ಕದಲಲಿಲ್ಲ. ಅದರ ಮುಖ್ಯ ಕೆಲಸ ರಣರಂಗದ ವೀಕ್ಷಣೆ. ಎರಡು ಹರಿಕೇನ್‌ಗಳು ಜೋಡಿಯಾಗಿ ಹೋಗುತ್ತಿದ್ದವು. ಮುಂದಿನ ಪೈಲಟ್ ಮರಗಳ ತುದಿಗೆ ಸಮೀಪವಾಗಿ ಹಾರುತ್ತ ನೆಲವನ್ನಷ್ಟೇ ನೋಡಿದರೆ, ಹಿಂದಿನವನು ಅವನ ಬೆನ್ನಿಗೆ ಅತ್ತಿತ್ತ ತೂಗುತ್ತ ಆಕಾಶವನ್ನಷ್ಟೇ ನೋಡುತ್ತಿದ್ದ. ಜಪಾನಿ ಸೈನಿಕರು ಹಗಲಿನಲ್ಲಿ ಕಾಡಿನ ನೆರಳು ಬಿಟ್ಟು ಹೊರಬರುತ್ತಿರಲಿಲ್ಲವಾದ್ದರಿಂದ, ಹೊಸದಾಗಿ ತುಳಿದ ಕಾಲುದಾರಿ, ಅಡುಗೆಯ ಹೊಗೆ, ಒಣಗಿದ ಎಲೆಗಳ ಹೊದಿಕೆ ಮೊದಲಾದ ಸಣ್ಣ ಕುರುಹುಗಳಿಂದಲೇ ಸೇನೆಯ ಇರವನ್ನು ಊಹಿಸಬೇಕಾಗಿತ್ತು. ಇದು ಧೈರ್ಯದಷ್ಟೇ ತಾಳ್ಮೆಯನ್ನೂ ಬೇಡುವ ವಿದ್ಯೆ, ಮತ್ತು ವಜೀರಿಸ್ತಾನದ ಗುಡ್ಡಗಳಲ್ಲಿ ದಳದ ಹಿರಿಯರು ಕಲಿತದ್ದು ಇದೇ ವಿದ್ಯೆಯನ್ನು. ಮುತ್ತಿಗೆಯ ಕೊನೆಯ ತಿಂಗಳಲ್ಲಿ ಮಿತ್ರಪಡೆಗಳ ಮುಖ್ಯ ದಂಡನಾಯಕ ಮೌಂಟ್‌ಬ್ಯಾಟನ್ ಸ್ವತಃ ಇಂಫಾಲಕ್ಕೆ ಬಂದು ಅರ್ಜನ್ ಸಿಂಗ್ ಅವರ ಎದೆಗೆ ಶೌರ್ಯಪದಕ ತೊಡಿಸಿದರು.

ಯುದ್ಧ ಮುಗಿಯುವ ವೇಳೆಗೆ ದಳಕ್ಕೆ ಸ್ಪಿಟ್‌ಫೈರ್‌ಗಳು, ಅನಂತರ ಟೆಂಪೆಸ್ಟ್‌ಗಳು ಬಂದವು. 1947ರ ವಿಭಜನೆ ವಾಯುಪಡೆಯನ್ನೂ ಎರಡಾಗಿಸಿದಾಗ ಒಂದನೇ ಸ್ಕ್ವಾಡ್ರನ್ನಿನ ವಿಮಾನಗಳು ಮತ್ತು ಸಾಮಗ್ರಿ ಪಾಕಿಸ್ತಾನದ ಪಾಲಾದವು. ಭಾರತದಲ್ಲಿ ಆ ಸಂಖ್ಯೆಯ ದಳ ಐದು ವರ್ಷಗಳಿಗೂ ಹೆಚ್ಚು ಕಾಲ ಇರಲಿಲ್ಲ. 1953ರ ಗಣರಾಜ್ಯೋತ್ಸವದ ದಿನ ಪಂಜಾಬಿನ ಹಲವಾರಾದಲ್ಲಿದ್ದ 15ನೇ ಸ್ಕ್ವಾಡ್ರನ್ನಿಗೆ ಒಂದನೇ ಸಂಖ್ಯೆಯನ್ನು ಕೊಟ್ಟು ಅದನ್ನು ಮತ್ತೆ ಜೀವಂತಗೊಳಿಸಲಾಯಿತು. ಅನಂತರ ದಳ ಜೆಟ್ ಯುಗಕ್ಕೆ ಕಾಲಿಟ್ಟಿದ್ದು ವ್ಯಾಂಪೈರ್ ವಿಮಾನಗಳೊಂದಿಗೆ; ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಬ್ರಿಟಿಷರಿಂದ ಪರವಾನಗಿ ಪಡೆದು ತಯಾರಿಸುತ್ತಿದ್ದ ಜೆಟ್ ಅದು. 1957ರಲ್ಲಿ ಫ್ರಾನ್ಸಿನ ದಾಸೋ ಕಂಪನಿಯ ಮಿಸ್ಟೇರ್ ವಿಮಾನಗಳು ಬಂದವು. ಹಿಂದಕ್ಕೆ ಬಾಗಿದ ರೆಕ್ಕೆಗಳ ಈ ವಿಮಾನ ಧುಮುಕುವಾಗ ಮಾತ್ರ ಶಬ್ದದ ವೇಗವನ್ನು ದಾಟಬಲ್ಲದಾಗಿತ್ತು. ಮೂಗಿನಡಿಯಲ್ಲಿ 30 ಮಿಲಿಮೀಟರಿನ ಎರಡು ತುಪಾಕಿಗಳಿದ್ದವು. ಎಂಟು ವರ್ಷಗಳ ಬಳಿಕ ಯುದ್ಧ ಬಂದಾಗ ಪಾಕಿಸ್ತಾನದ ಬಳಿ ಶಬ್ದದ ಎರಡರಷ್ಟು ವೇಗದಲ್ಲಿ ಹಾರುವ, ಶಾಖವನ್ನು ಹಿಂಬಾಲಿಸುವ ಕ್ಷಿಪಣಿಗಳನ್ನು ಹೊತ್ತ ಅಮೆರಿಕದ ಸ್ಟಾರ್‌ಫೈಟರ್‌ಗಳಿದ್ದವು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿ, ನೆಲದಲ್ಲಿದ್ದ ಹಲವು ವಿಮಾನಗಳನ್ನು ನಾಶಪಡಿಸಿದವು. ಆ ರಾತ್ರಿ ಒಂದನೇ ಸ್ಕ್ವಾಡ್ರನ್ನಿನ ನೆಲೆಯಾದ ಆದಂಪುರದ ಸುತ್ತ ಶತ್ರುವಿನ ಪ್ಯಾರಾಶೂಟ್ ಸೈನಿಕರು ಇಳಿದರು. ಮರುದಿನ ಬೆಳಗಾಗುವ ಮುನ್ನ ದಳಕ್ಕೆ ವಹಿಸಿದ ಗುರಿ ಸುಮಾರು 300 ಕಿ.ಮೀ. ದೂರದ ಸರ್ಗೋಧಾ, ಅಂದರೆ ಪಾಕಿಸ್ತಾನದ ಅತ್ಯಂತ ಬಲಿಷ್ಠವಾದ ವಾಯುನೆಲೆ. ಶತ್ರುವಿನ ರೇಡಾರ್ ಕಣ್ಣು ತಪ್ಪಿಸಲು ಇಡೀ ದಾರಿಯನ್ನು ಕೆಳಮಟ್ಟದಲ್ಲೇ ಕ್ರಮಿಸಬೇಕು. ಜೆಟ್ ಎಂಜಿನ್ ಕೆಳಮಟ್ಟದಲ್ಲಿ ಇಂಧನವನ್ನು ಬಹಳ ಬೇಗ ಕುಡಿಯುವುದರಿಂದ ಹೋಗಿ ಬರುವಷ್ಟು ಇಂಧನ ಮಾತ್ರ ಮಿಸ್ಟೇರ್‌ನಲ್ಲಿ ಉಳಿಯುತ್ತಿತ್ತೇ ಹೊರತು ದಾರಿಯಲ್ಲಿ ನಿಂತು ಕಾದಾಡಲು ಅಲ್ಲ. ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ ಹನ್ನೆರಡು ವಿಮಾನಗಳು ಹೋಗುವುದೆಂದೂ, ಯಾವುದಾದರೂ ಕೈಕೊಟ್ಟರೆ ಬದಲಿಗೆ ಹೊರಡಲು ಎರಡು ವಿಮಾನಗಳು ಸಿದ್ಧವಿರಬೇಕೆಂದೂ ತೀರ್ಮಾನವಾಗಿತ್ತು. ಆ ಬದಲಿ ಪೈಲಟ್‌ಗಳಲ್ಲಿ ಒಬ್ಬರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡಗಿನ ಅಜ್ಜಮಾಡ ಒಕ್ಕದಲ್ಲಿ, ಅಂದರೆ ಆ ಹೆಸರಿನ ಮನೆತನದಲ್ಲಿ, 1932ರಲ್ಲಿ ಜನಿಸಿದ ಅವರು ಅನುಭವಿ ತರಬೇತುದಾರರೂ ಆಗಿದ್ದರು.

ಮುಂಜಾನೆ ದಾಳಿಯ ತಂಡದಲ್ಲಿ ತೆರವಾದ ಸ್ಥಾನವನ್ನು ತುಂಬಲು ದೇವಯ್ಯ ಹೊರಟರು. ಸರ್ಗೋಧಾದ ಮೇಲಿನ ದಾಳಿ ಮುಗಿದು ವಿಮಾನಗಳು ಹಿಂದಿರುಗುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ಅವರನ್ನು ತಡೆಯಿತು. ಅದರ ಹೊಡೆತಕ್ಕೆ ಸಿಕ್ಕಿದ ದೇವಯ್ಯನವರ ವಿಮಾನ ಇನ್ನೇನು ಬಿದ್ದೇಬಿಟ್ಟಿತೆಂದು ತಿಳಿದು ಅಮ್ಜದ್ ಹುಸೇನ್ ಉಳಿದ ಮಿಸ್ಟೇರ್‌ಗಳ ಕಡೆ ತಿರುಗಿದಾಗ, ಘಾಸಿಗೊಂಡ ಆ ವಿಮಾನವನ್ನು ಹಿಡಿತಕ್ಕೆ ತಂದುಕೊಂಡಿದ್ದ ದೇವಯ್ಯ ಎದುರಾಳಿಯ ಮೇಲೆ ತಿರುಗಿಬಿದ್ದರು. ನೇರ ಓಟದಲ್ಲಿ ಸ್ಟಾರ್‌ಫೈಟರ್‌ಗೆ ಸಾಟಿಯಿಲ್ಲದಿದ್ದರೂ, ಗಿಡ್ಡ ರೆಕ್ಕೆಗಳ ಆ ವಿಮಾನ ಕಡಿಮೆ ವೇಗದಲ್ಲಿ ಚುರುಕಾಗಿ ತಿರುಗಲಾರದು. ಆ ದೌರ್ಬಲ್ಯವನ್ನು ಮಿಸ್ಟೇರ್‌ನ ಹಳೆಯ ತುಪಾಕಿಗಳು ಬಳಸಿಕೊಂಡವು. ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಹುಸೇನ್ ಹೊರಕ್ಕೆ ಚಿಮ್ಮಿ ಪ್ಯಾರಾಶೂಟ್ ನೆರವಿನಿಂದ ಬದುಕುಳಿದರು. ದೇವಯ್ಯ ಅಲ್ಲಿಯೇ ಮಡಿದರು, ಪಾಕಿಸ್ತಾನದ ಗ್ರಾಮಸ್ಥರು ಅವರನ್ನು ಅಲ್ಲಿಯೇ ಮಣ್ಣು ಮಾಡಿದರು.

ಈ ಹೋರಾಟವನ್ನು ದಳದ ಇತರರಾರೂ ಕಂಡಿರಲಿಲ್ಲವಾದ್ದರಿಂದ ಭಾರತದಲ್ಲಿ ದೇವಯ್ಯ ಬಹುಕಾಲ ಕಾಣೆಯಾದವರಾಗಿಯೇ ಉಳಿದರು. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ ಬರೆದು 1979ರಲ್ಲಿ ಪ್ರಕಟಿಸಿದ ಪುಸ್ತಕ, ಸ್ಟಾರ್‌ಫೈಟರ್ ಒಂದನ್ನು ಮಿಸ್ಟೇರ್ ಹೊಡೆದುರುಳಿಸಿದ ಸಂಗತಿಯನ್ನು ಹೊರಗೆಡಹಿತು. ಅಂದು ಹಿಂದಿರುಗದ ಮಿಸ್ಟೇರ್ ಯಾವುದೆಂದು ತಾಳೆ ನೋಡಿದ ಮೇಲೆ ತನೇಜಾ ಮೊದಲಾದವರು ಆ ಗೌರವ ಸಲ್ಲಬೇಕಾದದ್ದು ದೇವಯ್ಯನವರಿಗೆ ಎಂದು ಪ್ರತಿಪಾದಿಸಿದರು. 1988ರಲ್ಲಿ, ಅಂದರೆ ಇಪ್ಪತ್ತಮೂರನೆಯ ವರ್ಷದಲ್ಲಿ, ಮರಣೋತ್ತರವಾಗಿ ಮಹಾವೀರ ಚಕ್ರ ಬಂದಿತು. ಸರ್ಗೋಧಾದ ಮೇಲಿನ ದಾಳಿಗಳು ನಿರೀಕ್ಷಿಸಿದಷ್ಟು ಹಾನಿ ಮಾಡಲಿಲ್ಲವೆಂಬುದನ್ನು ಮಿಲಿಟರಿ ಇತಿಹಾಸಕಾರರು ಒಪ್ಪುತ್ತಾರೆ. ಆದರೆ ಆ ಬೆಳಗಿನ ಮಿಸ್ಟೇರ್ ಪೈಲಟ್‌ಗಳನ್ನು ಅಳೆಯಬೇಕಾದದ್ದು ಅವರ ಕೈಗೆ ಕೊಟ್ಟ ಯಂತ್ರ ಮತ್ತು ಅದರಿಂದ ಬಯಸಿದ ಕೆಲಸ ಎರಡನ್ನೂ ಎದುರಿಟ್ಟುಕೊಂಡು. ಅಂದು ವಾಯುಪಡೆಯ ಮುಖ್ಯಸ್ಥರಾಗಿದ್ದವರು ಇದೇ ದಳವನ್ನು ಇಂಫಾಲದಲ್ಲಿ ನಡೆಸಿದ್ದ ಅರ್ಜನ್ ಸಿಂಗ್.

ಮಿಸ್ಟೇರ್‌ಗಳ ಬಳಿಕ ಸೋವಿಯತ್ ಮೂಲದ ಮಿಗ್-21 ಬಂದು, 1971ರ ಯುದ್ಧದಲ್ಲಿ ದಳ ಅದನ್ನೇ ಹಾರಿಸಿತು. 1986ರಲ್ಲಿ ದಳ ಮತ್ತೆ ಫ್ರಾನ್ಸಿನ ವಿಮಾನಕ್ಕೆ ಮರಳಿತು. ಗ್ವಾಲಿಯರ್ ನೆಲೆಯಲ್ಲಿ ಅದಕ್ಕೆ ದೊರೆತ ಮಿರಾಜ್ 2000, ಭಾರತದಲ್ಲಿ ‘ವಜ್ರ’ ಎಂಬ ಹೆಸರು ಪಡೆದ ವಿಮಾನ, ತ್ರಿಕೋನಾಕಾರದ ರೆಕ್ಕೆಗಳನ್ನುಳ್ಳದ್ದು; ಪೈಲಟ್‌ನ ಕೈಚಲನೆ ತಂತಿಯ ಮೂಲಕ ವಿದ್ಯುತ್ ಸಂಕೇತವಾಗಿ ಕಂಪ್ಯೂಟರನ್ನು ತಲುಪಿ, ರೆಕ್ಕೆಯ ಅಂಚುಗಳು ಎಷ್ಟು ಬಾಗಬೇಕೆಂಬುದನ್ನು ಆ ಕಂಪ್ಯೂಟರೇ ನಿರ್ಧರಿಸುವ ವ್ಯವಸ್ಥೆ ಅದರಲ್ಲಿದೆ. ಪಾಕಿಸ್ತಾನ ಅಮೆರಿಕದಿಂದ ಪಡೆದ ಎಫ್-16 ವಿಮಾನಗಳಿಗೆ ಉತ್ತರವಾಗಿ, ಮುಖ್ಯವಾಗಿ ವಾಯುರಕ್ಷಣೆಗೆಂದು ಕೊಂಡ ಈ ವಿಮಾನ 1999ರ ಕಾರ್ಗಿಲ್ ಯುದ್ಧದಲ್ಲಿ ಹಿಮಾಲಯದ ಶಿಖರಗಳ ಮೇಲೆ ಬಾಂಬು ಹಾಕಬೇಕಾಯಿತು. ನಿಯಂತ್ರಣ ರೇಖೆಯನ್ನು ದಾಟಕೂಡದೆಂಬ ಸರ್ಕಾರದ ಆದೇಶ ಒಂದೆಡೆ, ಭುಜದಿಂದ ಹಾರಿಸುವ ಕ್ಷಿಪಣಿಗಳ ಅಪಾಯ ಇನ್ನೊಂದೆಡೆ, ತೆಳುವಾದ ಗಾಳಿಯಲ್ಲಿ ಲೆಕ್ಕ ತಪ್ಪುವ ಬಾಂಬುಗಳ ಪಥ ಮತ್ತೊಂದೆಡೆ ಇದ್ದಾಗ, ತಂತ್ರಜ್ಞರು ಕೆಲವೇ ದಿನಗಳಲ್ಲಿ ಲೇಸರ್ ಕಿರಣದಿಂದ ಗುರಿ ತೋರಿಸುವ ಇಸ್ರೇಲಿ ಉಪಕರಣವನ್ನು ವಿಮಾನಕ್ಕೆ ಹೊಂದಿಸಿದರು. ಬಾಂಬು ದಾಳಿಯ ಮುಖ್ಯ ಹೊಣೆ ಸೋದರ ದಳವಾದ 7ನೇ ಸ್ಕ್ವಾಡ್ರನ್ನಿನದಾಗಿತ್ತು. ಒಂದನೇ ಸ್ಕ್ವಾಡ್ರನ್ ವಾಯುರಕ್ಷಣೆ ಮತ್ತು ದಾಳಿಯ ವಿಮಾನಗಳ ಕಾವಲಿಗಾಗಿ 274 ಹಾರಾಟಗಳನ್ನು ನಡೆಸಿತು. ಜೂನ್ 17ರಂದು ಮುಂತೊ ಧಾಲೊದ ದಾಸ್ತಾನು ಶಿಬಿರವೂ 24ರಂದು ಟೈಗರ್ ಹಿಲ್ ಮೇಲಿನ ಶತ್ರುನೆಲೆಯೂ ಮಿರಾಜ್‌ಗಳ ಬಾಂಬುಗಳಿಗೆ ತುತ್ತಾದವು.

ಮಿರಾಜ್ 2000ರ ತಯಾರಿಕೆಯನ್ನು ಫ್ರಾನ್ಸ್ 2007ರಲ್ಲಿ ನಿಲ್ಲಿಸಿತು. ಹೊಸ ರೇಡಾರ್, ಹೊಸ ಕಾಕ್‌ಪಿಟ್ ಮತ್ತು ಹೊಸ ಕ್ಷಿಪಣಿಗಳಿಗೆ ಹೊಂದಿಕೊಳ್ಳುವಂತೆ ಭಾರತದ ಮಿರಾಜ್‌ಗಳನ್ನು ನವೀಕರಿಸುವ ಒಪ್ಪಂದ 2011ರಲ್ಲಿ ಆಯಿತು. ಮೊದಲ ಎರಡು ವಿಮಾನಗಳನ್ನು ಫ್ರಾನ್ಸಿನಲ್ಲಿ ಮಾರ್ಪಡಿಸಿ 2015ರಲ್ಲಿ ಹಸ್ತಾಂತರಿಸಿದ ಮೇಲೆ, ಉಳಿದವುಗಳ ನವೀಕರಣದ ಹೊಣೆಯನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ಕಾರ್ಖಾನೆಗೆ ವಹಿಸಲಾಯಿತು. ಬಿಡಿಭಾಗಗಳ ಕೊರತೆಯನ್ನು ನೀಗಿಸಲು ಫ್ರಾನ್ಸಿನ ವಾಯುಪಡೆ ಸೇವೆಯಿಂದ ತೆಗೆದ ಹಳೆಯ ಮಿರಾಜ್‌ಗಳನ್ನು ಕೊಂಡು, ಅವುಗಳಿಂದ ಬಳಸಬಹುದಾದ ಭಾಗಗಳನ್ನು ಬಿಚ್ಚಿಕೊಳ್ಳುವ ವ್ಯವಸ್ಥೆಯೂ ಆಗಿದೆ. ನಾಲ್ಕು ದಶಕಗಳಷ್ಟು ಹಳೆಯದಾದ ವಿಮಾನವೊಂದನ್ನು ಹಾರಾಟಕ್ಕೆ ಯೋಗ್ಯವಾಗಿ ಉಳಿಸಿಕೊಳ್ಳುವುದು ಇಂದು ಗ್ವಾಲಿಯರ್‌ನ ಹ್ಯಾಂಗರ್‌ಗಳಲ್ಲಿ ಮತ್ತು ಬೆಂಗಳೂರಿನ ಕಾರ್ಖಾನೆಯಲ್ಲಿ ದುಡಿಯುವ ತಂತ್ರಜ್ಞರ ನಿತ್ಯದ ಕೆಲಸವಾಗಿದೆ.